ಬಚ್ಚಲಿನಿಂದ ಹೊರಗೋಡೆಗೆ ಹೋದ ಗ್ಯಾಸ್ ಗೀಸರ್: ಎರಡು ಚಳಿಗಾಲದ ಬಳಕೆಯ ನಂತರದ ವಿಮರ್ಶೆ

ಎರಡು ಚಳಿಗಾಲ ಪೂರ್ತಿ ಬಳಸಿದ ಮೇಲೆ ಈ ಗ್ಯಾಸ್ ಗೀಸರ್ ಕುರಿತು ನನ್ನ ತೀರ್ಮಾನ ಎರಡು ತೆರನಾಗಿದೆ. ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಅದನ್ನು ನಮ್ಮ ಬಚ್ಚಲಿನ ಗೋಡೆಗೆ ಹಾಕಿಕೊಟ್ಟು ಹೋದ ಕೆಲಸಕ್ಕೆ ಒಂದು ಅಂಕ ಕೊಡಲೂ ಮನಸ್ಸಾಗುವುದಿಲ್ಲ. ಕಂಪನಿಯ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಲಿರುವ ದೋಷ ಒಂದು ಅಂಗಡಿಗೆ ಸೀಮಿತವಾದದ್ದಲ್ಲ. ನಮ್ಮ ಬಡಾವಣೆಯಲ್ಲಿ ನಾನು ಕಣ್ಣಾರೆ ನೋಡಿದ ಎಷ್ಟೋ ಮನೆಗಳಲ್ಲಿ ಇಂಥದೇ ಡಬ್ಬಿ ಇಂಥದೇ ಜಾಗದಲ್ಲಿ ನೇತಾಡುತ್ತಿದೆ.

ಬೀದರ್ ಕೋಟೆಯಿರುವ ಈ ಪ್ರಸ್ಥಭೂಮಿ ಸಮುದ್ರ ಮಟ್ಟದಿಂದ 2,000 ಅಡಿಗೂ ಹೆಚ್ಚು ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಊರುಗಳ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಆಗಾಗ ಬರುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಬೆಳಿಗ್ಗೆ ಆರಕ್ಕೆ ಕೈಬೆರಳು ಸೆಟೆಯುವಷ್ಟು ತಣ್ಣಗಿರುತ್ತದೆ. ಮೊದಲು ನಮ್ಮಲ್ಲಿ ತಾಮ್ರದ ಬಂಬ ಇತ್ತು. ತೊಗರಿ ಕಟ್ಟಿಗೆ ಸಿಗುವವರೆಗೆ ಅದು ಚೆನ್ನಾಗಿಯೇ ನಡೆಯಿತು. ಅದರ ಬಳಿಕ 3 ಕಿಲೋವಾಟಿನ ಇನ್‌ಸ್ಟಂಟ್ ವಿದ್ಯುತ್ ಗೀಸರ್ ಬಂತು. ನೀರಿನ ಉಷ್ಣಾಂಶವನ್ನು 25 ಡಿಗ್ರಿ ಏರಿಸಬೇಕೆಂದರೆ ಅಂಥ ಗೀಸರ್ ನಿಮಿಷಕ್ಕೆ ಎರಡು ಲೀಟರಿಗೂ ಕಡಿಮೆ ನೀರು ಕೊಡುತ್ತದೆ, ಅಂದರೆ 18 ಲೀಟರಿನ ಒಂದು ಬಕೆಟ್ ತುಂಬಲು ಹತ್ತು ನಿಮಿಷ ಬೇಕು. ಮನೆಯಲ್ಲಿ ಐದು ಜನ, ಶಾಲೆಯ ಬಸ್ಸು ಏಳೂವರೆಗೆ, ನಡುವೆ ಒಮ್ಮೆ ಕರೆಂಟು ಹೋದರೆ ಅವತ್ತಿನ ಬೆಳಗು ಜಗಳದಲ್ಲೇ ಮುಗಿಯುತ್ತಿತ್ತು. ನಿಮಿಷಕ್ಕೆ 6 ಲೀಟರ್ ಬಿಸಿನೀರು, ಕರೆಂಟು ಬೇಕಿಲ್ಲ, ಟಾರ್ಚಿಗೆ ಹಾಕುವಂಥ ಎರಡು ದೊಡ್ಡ ಸೆಲ್ ಸಾಕು ಎಂಬ ಮಾತಿಗೆ ನಾವು ಒಲಿದದ್ದು ಹೀಗೆ.

ಗಾಂಧಿಗಂಜ್ ಕಡೆಯ ಅಂಗಡಿಯೊಂದರಲ್ಲಿ ಇದನ್ನು ಕೊಂಡೆವು. ಎಲ್ಲಿ ಕೂಡಿಸಬೇಕು ಎಂದು ಕೇಳಿದ್ದಕ್ಕೆ ಮಾರುವವರು, "ಎಲ್ಲಿ ಬೇಕಾದಲ್ಲಿ ಹಾಕ್ರಿ, ಏನೂ ಆಗಂಗಿಲ್ರಿ, ಎಲ್ಲಾರೂ ಬಚ್ಚಲದಾಗೇ ಹಾಕ್ತಾರ್ರಿ" ಎಂದರು. ಪೆಟ್ಟಿಗೆಯೊಳಗಿದ್ದ ಕೈಪಿಡಿಯ ನಾಲ್ಕನೆಯ ಪುಟದಲ್ಲಿ, ಸ್ನಾನದ ಕೋಣೆಯೊಳಗೆ ಅಳವಡಿಸಬಾರದು, ಗಾಳಿಯಾಡುವ ತೆರೆದ ಜಾಗದಲ್ಲಿ ಮಾತ್ರ ಅಳವಡಿಸಬೇಕು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನಾನು ಅದನ್ನು ಓದಿದ್ದು ಒಂದೂವರೆ ತಿಂಗಳ ನಂತರ. ಅಳವಡಿಸಲು ಬಂದ ಹುಡುಗ ಅರ್ಧ ಗಂಟೆಯಲ್ಲಿ ಶವರಿನ ಪಕ್ಕದ ಗೋಡೆಗೆ ಎರಡು ಮೊಳೆ ಹೊಡೆದು, ಹೊರಗಿನ ಸಿಲಿಂಡರಿನಿಂದ ಕಿಟಕಿಯ ಸಂದಿಯಲ್ಲಿ ಹೋಸ್ ತೂರಿಸಿ, ಉರಿ ಹತ್ತಿದ್ದನ್ನು ತೋರಿಸಿ ಹೋದ. ಸೋಪಿನ ನೊರೆ ಹಚ್ಚಿ ನೋಡಲಿಲ್ಲ, ಕಿಟಕಿ ಎಷ್ಟು ದೊಡ್ಡದಿದೆ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಯಂತ್ರದ ಗುಣವನ್ನು ಮೊದಲು ಹೇಳಿಬಿಡುತ್ತೇನೆ. ನಳ ತಿರುಗಿಸಿದ ಕೂಡಲೇ ಟಕಟಕ ಕಿಡಿ ಹಾರಿ ಉರಿ ಹತ್ತುತ್ತದೆ, ಐದಾರು ಸೆಕೆಂಡಿನಲ್ಲಿ ಬಿಸಿನೀರು ಬರುತ್ತದೆ, ಮೂರು ನಿಮಿಷದಲ್ಲಿ ಬಕೆಟ್ ತುಂಬುತ್ತದೆ. ನೀರಿನ ಒತ್ತಡ ಒಳಗಿನ ರಬ್ಬರ್ ಡಯಾಫ್ರಮ್ಮನ್ನು ತಳ್ಳಿದಾಗ ಮಾತ್ರ ಗ್ಯಾಸಿನ ವಾಲ್ವ್ ತೆರೆದುಕೊಳ್ಳುವ ಏರ್ಪಾಡು ಇದರದು. ನೀರು ನಿಂತರೆ ಗ್ಯಾಸೂ ನಿಲ್ಲಬೇಕು. ಖರ್ಚಿನ ಲೆಕ್ಕವನ್ನೂ ಮಾಡಿದ್ದೇನೆ. 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ನಿಮಿಷಕ್ಕೆ ಸುಮಾರು 16 ಗ್ರಾಂ ಅನಿಲ ಬೇಕು, ಒಂದು ಬಕೆಟಿಗೆ 50 ಗ್ರಾಂ ಹತ್ತಿರ. ಐದು ಜನರಿಗೆ ಒಂದೊಂದು ಬಕೆಟ್ ಎಂದರೂ 14.2 ಕಿಲೋ ಸಿಲಿಂಡರ್ ಎರಡು ತಿಂಗಳಿಗೆ ಸ್ವಲ್ಪ ಕಡಿಮೆ ಬರಬೇಕು. ಸಿಲಿಂಡರಿನ ಮೇಲೆ ಸುಣ್ಣದ ಕಡ್ಡಿಯಿಂದ ತಾರೀಖು ಬರೆದಿಟ್ಟು ನೋಡಿದಾಗ ಮೊದಲನೆಯದು 52 ದಿನ ಬಂತು. ಭಾನುವಾರಗಳಂದು ಮಕ್ಕಳು ಶವರ್ ಕೆಳಗೆ ನಿಂತು ಸುರಿಸುವ ನೀರನ್ನು ಲೆಕ್ಕಕ್ಕೆ ಹಿಡಿದರೆ ಇದು ನ್ಯಾಯವಾದ ಅಂಕಿ.

ತೊಂದರೆ ಬಂದದ್ದೂ ಭಾನುವಾರಗಳಂದೇ. ತಲೆಸ್ನಾನದ ದಿನ ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋಗುತ್ತಿದ್ದೆವು. ಚಳಿಯೆಂದು ಕಿಟಕಿ ಮುಚ್ಚಿರುತ್ತಿತ್ತು, ಬಾಗಿಲ ಕೆಳಗಿನ ಸಂದಿಗೂ ಅವ್ವ ಹಳೆಯ ಚಾದರ ತುರುಕಿರುತ್ತಿದ್ದಳು. ಎರಡು ವಾರ ಮಧ್ಯಾಹ್ನದ ಹೊತ್ತಿಗೆ ಅವ್ವನಿಗೆ ತಲೆನೋವು, ವಾಕರಿಕೆ. ಪಿತ್ತ ಎಂದು ಲಿಂಬಿಹಣ್ಣಿನ ಶರಬತ್ತು ಕುಡಿಸಿದೆವು. ಮೂರನೆಯ ಭಾನುವಾರ ಮಗಳು ಎಲ್ಲರ ಕೊನೆಗೆ ಸ್ನಾನಕ್ಕೆ ಹೋದವಳು, ಚಿಲಕ ತೆಗೆದು ಹೊಸ್ತಿಲ ಮೇಲೆಯೇ ಕುಸಿದು ಕುಳಿತಳು. ಒದ್ದೆ ಕೂದಲು ಮುಖದ ಮೇಲಿದ್ದರೂ ಅದನ್ನು ಸರಿಸಲು ಅವಳ ಕೈ ಏಳುತ್ತಿರಲಿಲ್ಲ. "ಅಪ್ಪಾ, ಕಾಲಾಗ ಬಲಾನೇ ಇಲ್ಲ" ಎಂದಳು. ಮೊದಲು ಸ್ನಾನ ಮಾಡುತ್ತಿದ್ದವನು ನಾನು. ನನಗೆ ಒಂದು ದಿನವೂ ತಲೆನೋವು ಬಂದಿರಲಿಲ್ಲ. ಕೊನೆಗೆ ಹೋದವರಿಗೇ ತಲೆನೋವು ಬರುತ್ತಿದೆ ಎಂಬುದು ಆ ಹೊಸ್ತಿಲಲ್ಲಿ ನಿಂತಾಗ ಹೊಳೆಯಿತು.

ಅವಳನ್ನು ಅಂಗಳಕ್ಕೆ ಎತ್ತಿಕೊಂಡು ಬಂದು, ಗೀಸರಿನ ರೆಗ್ಯುಲೇಟರ್ ಬಂದ್ ಮಾಡಿ, ಕಲಬುರಗಿಯಲ್ಲಿ ವೈದ್ಯಳಾಗಿರುವ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಹಾಕಿ 98 ತೋರಿಸುತ್ತಿದೆ ಎಂದು ಸಮಾಧಾನದಿಂದ ಹೇಳಿದಾಗ ಅವಳು ನನ್ನನ್ನು ತಡೆದಳು. "ಮಾಮಾ, ಅದನ್ನ ನಂಬಬ್ಯಾಡ್ರಿ. ಈಗಲೇ ದವಾಖಾನಿಗೆ ಕರ್ಕೊಂಡು ಹೋಗಿ ಆಕ್ಸಿಜನ್ ಹಚ್ಚಸ್ರಿ, ಬಚ್ಚಲದಾಗ ಗ್ಯಾಸ್ ಗೀಸರ್ ಅದ ಅಂತ ಮೊದಲು ಹೇಳ್ರಿ" ಎಂದಳು. ಅನಿಲ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರಿಗೆ ಈ ಎರಡರ ವ್ಯತ್ಯಾಸ ತಿಳಿಯದಿರುವುದರಿಂದ ವಿಷವೇರಿದ ರಕ್ತವನ್ನೂ ಅದು ಸರಿಯಾಗಿದೆ ಎಂದೇ ತೋರಿಸುತ್ತದೆ. ಬರಿಯ ಗಾಳಿಯಲ್ಲಿದ್ದರೆ ಈ ಅಂಟು ಅರ್ಧಕ್ಕಿಳಿಯಲು ಸುಮಾರು 4ರಿಂದ 5 ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಇಳಿಯುತ್ತದೆ. ಮಗಳು ಸಂಜೆಯ ಹೊತ್ತಿಗೆ ಸರಿಹೋದಳು. ಬಚ್ಚಲಿನಲ್ಲಿ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ, ಫಿಟ್ಸ್ ಬಂದಂತಾಗಿ ಬಿದ್ದವರನ್ನು ಮೂರ್ಛೆರೋಗದವರೆಂದು ತಪ್ಪು ತಿಳಿಯಬಾರದೆಂದು ನಮ್ಮ ದೇಶದ ನರರೋಗ ತಜ್ಞರು ಇದಕ್ಕೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂಬ ಹೆಸರನ್ನೇ ಇಟ್ಟಿದ್ದಾರೆ ಎಂಬುದೂ ಅಕ್ಕನ ಮಗಳಿಂದಲೇ ತಿಳಿಯಿತು.

ಆ ರಾತ್ರಿ ನಿದ್ದೆ ಬಾರದೆ ಕಾಗದ ಹಿಡಿದು ಕುಳಿತೆ. ನಮ್ಮ ಬಚ್ಚಲು 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ. ಅಂದರೆ 240 ಘನ ಅಡಿ, ಹೆಚ್ಚು ಕಡಿಮೆ 6,800 ಲೀಟರ್ ಗಾಳಿ. ಒಂದು ಕಿಲೋ ಅಡುಗೆ ಅನಿಲ ಪೂರ್ತಿ ಉರಿಯಲು 15 ಕಿಲೋಗಿಂತ ತುಸು ಹೆಚ್ಚು ಗಾಳಿ ಬೇಕು. ನಿಮಿಷಕ್ಕೆ 16 ಗ್ರಾಂ ಉರಿಸುವ ಗೀಸರ್, ಹಾಗಿದ್ದರೆ, ನಿಮಿಷಕ್ಕೆ 200 ಲೀಟರಿಗೂ ಹೆಚ್ಚು ಗಾಳಿ ತಿನ್ನುತ್ತದೆ. ಶವರ್ ಬಿಟ್ಟುಕೊಂಡು ಹತ್ತು ನಿಮಿಷ ತಲೆಸ್ನಾನ ಮಾಡಿದರೆ ಆ ಮುಚ್ಚಿದ ಕೋಣೆಯ ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲು ಉರಿಗೇ ಸಂದಿರುತ್ತದೆ, ಹೊಗೆಯೆಲ್ಲ ಅದೇ ಕೋಣೆಯಲ್ಲಿ ಉಳಿದಿರುತ್ತದೆ. ಉರಿ ಆಮೇಲೆ ತನ್ನ ಹೊಗೆಯನ್ನೇ ಎಳೆದುಕೊಂಡು ಉರಿಯತೊಡಗುತ್ತದೆ. ಆಮ್ಲಜನಕ ಇಳಿದಷ್ಟೂ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಒಳಗಿನ ಮನುಷ್ಯನೂ ಅದೇ ಗಾಳಿಯನ್ನು ಉಸಿರಾಡುತ್ತಿರುತ್ತಾನೆ. ಈ ಲೆಕ್ಕವನ್ನು ಹತ್ತನೆಯ ತರಗತಿಯ ಹುಡುಗನೂ ಮಾಡಬಲ್ಲ. ಮಾರುವವರು ಬಚ್ಚಲಿನ ಅಳತೆಯನ್ನು ಒಮ್ಮೆ ಕೇಳಿದ್ದರೂ ಈ ಮಾತು ಅಲ್ಲಿಯೇ ಬರುತ್ತಿತ್ತು.

ನಮ್ಮ ಕಡೆ ಗ್ಯಾಸ್ ಎಂದರೆ ಜನರಿಗೆ ಇರುವ ಹೆದರಿಕೆ ಸಿಲಿಂಡರ್ ಸಿಡಿಯುವುದರ ಬಗ್ಗೆ, ವಾಸನೆ ಬರುವುದರ ಬಗ್ಗೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ, ಹಾಗಾಗಿ ಸೋರಿಕೆ ಮೂಗಿಗೆ ತಿಳಿಯುತ್ತದೆ. ಆದರೆ ಆ ಮರ್ಕ್ಯಾಪ್ಟನ್ನೂ ಉರಿಯಲ್ಲಿ ಸುಟ್ಟುಹೋಗುತ್ತದೆ. ಉರಿದ ಬಳಿಕ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. "ವಾಸನಿ ಬರಲಿಲ್ಲಲ್ಲ, ಗ್ಯಾಸ್ ಹೆಂಗಾಗ್ತದ" ಎಂದು ಅವ್ವ ಈಗಲೂ ಕೇಳುತ್ತಾಳೆ.

ತಪಾಸಣೆಗೆ ಹಳೆಯ ಊರಿನಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದೆ. ಈ ವಿಮರ್ಶೆಯಲ್ಲಿ ಐದಕ್ಕೆ ಐದು ಅಂಕ ಯಾರಿಗಾದರೂ ಸಲ್ಲುವುದಾದರೆ ಅದು ಅವರಿಗೆ. ಬಂದವರು ಪಾನಾ ತೆಗೆಯಲಿಲ್ಲ. ಬಚ್ಚಲಿನ ಕಿಟಕಿ, ಬಾಗಿಲು ಎರಡನ್ನೂ ತೆರೆಸಿ, ನಳ ಬಿಡಲು ಹೇಳಿ, ಕೈಕಟ್ಟಿಕೊಂಡು ಉರಿಯನ್ನು ನೋಡುತ್ತ ನಿಂತರು. ಗೀಸರಿನ ಪುಟ್ಟ ಗಾಜಿನ ಕಿಂಡಿಯಲ್ಲಿ ಬಲಗಡೆಯ ಉರಿ ಸಣ್ಣಗೆ, ನೀಲಿಯಾಗಿ, ಸಾಲಾಗಿ ಇತ್ತು. ಎಡಗಡೆಯಲ್ಲಿ ಮಾತ್ರ ಎರಡು ಹಳದಿ ನಾಲಗೆಗಳು ಮೇಲಕ್ಕೆ ಚಾಚಿ ತಾಮ್ರವನ್ನು ನೆಕ್ಕುತ್ತಿದ್ದವು. "ಈ ಹಳದಿ ಅದ ನೋಡ್ರಿ ಸರ್, ಇದು ಹಸದ ಉರಿ. ಗಾಳಿ ಸಿಗಲತ್ತಿಲ್ಲ" ಎಂದರು. ಹಸಿದ ಉರಿ ಎಂಬ ಮಾತಿಗಿಂತ ಚೆನ್ನಾಗಿ ಇದನ್ನು ಕೈಪಿಡಿಯೂ ವಿವರಿಸಿರಲಿಲ್ಲ.

ಮುಂದಿನ ಕೆಲಸ ನೊರೆಯದು. ಸ್ಟೀಲಿನ ಲೋಟದಲ್ಲಿ ಸೋಪಿನ ಪುಡಿ ಕದಡಿ, ಗಡ್ಡಕ್ಕೆ ಹಚ್ಚುವ ಹಳೆಯ ಬ್ರಷ್ಷಿನಿಂದ ರೆಗ್ಯುಲೇಟರಿನ ಮೂತಿ, ಹೋಸಿನ ಎರಡೂ ತುದಿ, ಗೀಸರಿನ ಕೆಳಗಿನ ನಟ್ಟು ಎಲ್ಲದಕ್ಕೂ ಸಾವಕಾಶವಾಗಿ ಹಚ್ಚಿದರು. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವವರನ್ನು ತಾವು ಮನೆಯೊಳಗೆ ಬಿಡುವುದಿಲ್ಲ ಎಂದರು. ರೆಗ್ಯುಲೇಟರ್ ಕಡೆಯ ಕ್ಲಿಪ್ಪಿನ ಹತ್ತಿರ ಜೋಳದ ಕಾಳಿನಷ್ಟು ಗುಳ್ಳೆಯೊಂದು ಎದ್ದು, ದೊಡ್ಡದಾಗಿ, ಒಡೆಯಿತು. ಹತ್ತು ಎಣಿಸುವಷ್ಟರಲ್ಲಿ ಇನ್ನೊಂದು ಎದ್ದಿತು. ಅಳವಡಿಸಿದ ಹುಡುಗ ಕ್ಲಿಪ್ಪಿನ ತಿರುಪನ್ನು ಪೂರ್ತಿ ಬಿಗಿದಿರಲಿಲ್ಲ. ಒಂದೂವರೆ ತಿಂಗಳು ಆ ಗುಳ್ಳೆಯಷ್ಟು ಅನಿಲ ಹಗಲೂ ರಾತ್ರಿ ಹೊರಗೆ ಹೋಗಿದೆ. ಸಿಲಿಂಡರ್ ಹಿತ್ತಲಿನ ಬಯಲಿನಲ್ಲಿದ್ದುದರಿಂದ ಗಾಳಿಯಲ್ಲಿ ಕರಗಿಹೋಗಿದೆ. ಅದೇ ಸೋರಿಕೆ ಒಳಗಿದ್ದಿದ್ದರೆ, ಗಾಳಿಗಿಂತ ಒಂದೂವರೆ ಪಟ್ಟಿಗೂ ಭಾರವಾದ ಈ ಅನಿಲ ನೆಲಕ್ಕೆ ಇಳಿದು ಮೋರಿಯಲ್ಲಿ ಕೂತಿರುತ್ತಿತ್ತು. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಎರಡರಷ್ಟಾದರೆ ಒಂದು ಸ್ವಿಚ್ಚಿನ ಕಿಡಿ ಸಾಕು.

ಮುಚ್ಚಳ ಬಿಚ್ಚಿದಾಗ ಕಂಡದ್ದನ್ನು ನಾನು ಫೋಟೊ ತೆಗೆದಿಟ್ಟುಕೊಂಡಿದ್ದೇನೆ. ಬರ್ನರಿನ ಎಡಗಡೆಯ ಗಾಳಿ ಎಳೆಯುವ ಬಾಯಿಯಲ್ಲಿ ಜೇಡ ಹತ್ತಿಯಂಥ ಬಿಳಿ ಗೂಡು ಕಟ್ಟಿತ್ತು. ಅದರ ಮೇಲೆ ಉರಿಯ ಬಿಸಿಯನ್ನು ನೀರಿಗೆ ಮುಟ್ಟಿಸುವ ತಾಮ್ರದ ರೆಕ್ಕೆಗಳ ನಡುವೆ, ಎಣ್ಣೆ ಜಿಡ್ಡು ಕೂತ ಬಾಚಣಿಗೆಯ ಹಲ್ಲಿನಂತೆ, ಕರಿ ಮಸಿ ಮೆತ್ತಿಕೊಂಡಿತ್ತು. ಮಸಿ ಕೂತರೆ ಹೊಗೆ ಮೇಲೇರುವ ದಾರಿ ಕಟ್ಟುತ್ತದೆ, ದಾರಿ ಕಟ್ಟಿದರೆ ಉರಿ ಇನ್ನೂ ಹಳದಿಯಾಗುತ್ತದೆ, ಹಳದಿಯಾದಷ್ಟೂ ಮಸಿ ಹೆಚ್ಚು. ಒಮ್ಮೆ ಶುರುವಾದರೆ ತಾನಾಗಿ ಬೆಳೆಯುವ ರೋಗವಿದು. ಒಂದೂವರೆ ತಿಂಗಳಿನ ಹೊಸ ಯಂತ್ರದಲ್ಲಿ ಇಷ್ಟಾಗಿರುವುದು ಅವರಿಗೂ ಆಶ್ಚರ್ಯ ತಂದಿತು. ನೀರು ಒಳಬರುವ ಕಡೆಯ ಜಾಲರಿ ತೆಗೆದು ಅಂಗೈ ಮೇಲೆ ಕೊಡವಿದಾಗ ಬೋರಿನ ನೀರಿನ ಬಿಳಿ ಹರಳು ಅರ್ಧ ಚಮಚದಷ್ಟು ಬಿತ್ತು.

ಅವರು ಮಾಡಿದ ಇನ್ನೊಂದು ಪರೀಕ್ಷೆಯನ್ನು ಪ್ರತಿ ಮನೆಯವರೂ ತಾವೇ ಮಾಡಿಕೊಳ್ಳಬಹುದು. ನಳವನ್ನು ತಟ್ಟನೆ ಬಂದ್ ಮಾಡಿ, ಉರಿ ಯಾವಾಗ ಆರುತ್ತದೆ ಎಂದು ನೋಡುವುದು. ಆ ಕ್ಷಣವೇ ಆರಬೇಕು. ನೀರು ನಿಂತ ಮೇಲೂ ಉರಿ ಒಂದೆರಡು ಎಣಿಕೆಯಷ್ಟು ಉಳಿದರೆ ವಾಲ್ವಿನ ಪಿನ್ನು ಸಿಕ್ಕಿಕೊಳ್ಳುತ್ತಿದೆ, ಡಯಾಫ್ರಮ್ ಬದಲಿಸಬೇಕು ಎಂದರ್ಥ. ನೀರು ಹರಿಯದೆ ನಿಂತ ತಾಮ್ರದ ಕೊಳವೆಯ ಕೆಳಗೆ ಉರಿ ಉಳಿದರೆ ಒಳಗಿನ ನೀರು ಕುದಿದು ಆವಿಯಾಗುತ್ತದೆ, ಮತ್ತೆ ನಳ ತೆರೆದವರ ಕೈಮೇಲೆ ಸುರಿಯುತ್ತದೆ. ನಮ್ಮದು ಆ ಪರೀಕ್ಷೆಯಲ್ಲಿ ಪಾಸಾಯಿತು. ಸೆಲ್‌ಗಳು ಪಾಸಾಗಲಿಲ್ಲ, ಬಚ್ಚಲಿನ ಹಬೆಗೆ ಒಂದು ಸೆಲ್ ಸೋರಿ ಸ್ಪ್ರಿಂಗಿಗೆ ಹಸಿರು ಹಿಡಿದಿತ್ತು. ಬದಿಯ ಫಲಕದಲ್ಲಿ ಐಎಸ್‌ಐ ಗುರುತು, ಇಂಥ ಗೀಸರಿನ ಮಾನಕವಾದ ಐಎಸ್ 15558 ಎಂಬ ಸಂಖ್ಯೆ, ಎಲ್‌ಪಿಜಿ ಎಂಬ ಬರಹ ಮೂರೂ ಇವೆಯೇ ಎಂದು ಬ್ಯಾಟರಿ ಬೆಳಕಿನಲ್ಲಿ ಓದಿ ನೋಡಿದರು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಮಾಡಿದ ಗೀಸರಿನಲ್ಲಿ ಗ್ಯಾಸ್ ಹೊರಬರುವ ತೂತು ದೊಡ್ಡದಿರುತ್ತದೆ, ಅದಕ್ಕೆ ಸಿಲಿಂಡರ್ ಜೋಡಿಸಿದರೆ ಉರಿ ಅತಿಯಾಗುತ್ತದೆ. ದೊಡ್ಡ ಊರುಗಳಿಂದ ಬಿಟ್ಟು ಬರುವವರು ಹಳೆಯ ಗೀಸರ್ ತಂದು ಇಲ್ಲಿ ಹಾಗೆಯೇ ಜೋಡಿಸಿಕೊಳ್ಳುವುದುಂಟಂತೆ. ಎರಡೂವರೆ ಗಂಟೆಯ ಈ ಕೆಲಸಕ್ಕೆ ಅವರು ತೆಗೆದುಕೊಂಡದ್ದು 450 ರೂಪಾಯಿ.

"ಸ್ವಚ್ಛ ಮಾಡೀನಿ ಸರ್, ಆದ್ರ ಇದೇ ಗ್ವಾಡಿಗಿ ತಿರುಗಿ ಹಾಕಂಗಿಲ್ಲ" ಎಂದು ಅವರು ಗೀಸರನ್ನು ಕೆಳಗೇ ಇಟ್ಟರು. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಲದೇ ಎಂದು ನಾನು ವಾದಿಸಿದೆ. ಹೊಸ ಗಾಳಿ ಒಳಬರಲು ಕೆಳಗಡೆ ದಾರಿಯಿಲ್ಲದೆ ಮೇಲೆ ಫ್ಯಾನ್ ತಿರುಗಿದರೆ ಅದು ಹೊರಹಾಕುವ ಗಾಳಿ ಅಷ್ಟಕ್ಕಷ್ಟೇ, ಹೊಗೆಯ ಕೊಳವೆ ಇರುವ ಗೀಸರಾದರೆ ಹೊರಹೋಗುವ ಹೊಗೆಯನ್ನೂ ಅದು ಹಿಂದಕ್ಕೆ ಎಳೆಯಬಹುದು, ಮೇಲಾಗಿ ಕರೆಂಟು ಹೋದಾಗ ಫ್ಯಾನ್ ನಿಲ್ಲುತ್ತದೆ, ಗೀಸರ್ ನಿಲ್ಲುವುದಿಲ್ಲ ಎಂಬ ಉತ್ತರ ಬಂತು. ಕರೆಂಟು ಹೋದಾಗಲೂ ನಡೆಯುತ್ತದೆಂಬ ಗುಣವನ್ನೇ ನಂಬಿ ಕೊಂಡವನು ನಾನು. ಈ ಮಾತಿಗೆ ಎದುರಾಡಲು ಏನೂ ಉಳಿಯಲಿಲ್ಲ.

ಹೊರಗಿನ ಏರ್ಪಾಡಿಗೆ ಎರಡು ದಿನ ಹಿಡಿಯಿತು. ಬಚ್ಚಲಿನ ಹಿಂದಿನ ಗೋಡೆಯ ಹೊರಮೈಗೆ, ಯಾವ ಕಿಟಕಿಯ ಕೆಳಗೂ ಬಾರದಂತೆ ಗೀಸರ್ ಹಾಕಿ, ಬಿಸಿನೀರಿನ ಕೊಳವೆಯನ್ನು ಗೋಡೆ ಕೊರೆದು ಒಳಗೆ ಬಿಟ್ಟಿದ್ದೇವೆ. ಸಾಮಾನ್ಯ ಪಿವಿಸಿ ಬಿಸಿಗೆ ಬಾಗುತ್ತದೆಂದು ಸಿಪಿವಿಸಿ ಪೈಪನ್ನೇ ತರಿಸಿದರು. ಮಳೆಗೆ ತಗಡಿನ ಚಪ್ಪರವಿದೆ, ಗೀಸರಿನ ನೆತ್ತಿಗೂ ತಗಡಿಗೂ ನಡುವೆ ಒಂದೂವರೆ ಅಡಿ ತೆರಪು ಬಿಟ್ಟಿದ್ದಾರೆ. ಮೊದಲ ವಾರ ಗಾಳಿ ಬೀಸಿದಾಗಲೆಲ್ಲ ಉರಿ ಆರಿಹೋಗುತ್ತಿತ್ತು. ಉರಿ ಆರಿದ ಕೂಡಲೇ ಸೆನ್ಸರ್ ಗ್ಯಾಸ್ ನಿಲ್ಲಿಸುತ್ತಿತ್ತು ಎಂಬುದು ಯಂತ್ರದ ಪರವಾಗಿ ಹೇಳಬೇಕಾದ ಮಾತು. ಗಾಳಿ ಬರುವ ಬದಿಗೆ ಒಂದು ಮರೆ ತಗಡು ನಿಲ್ಲಿಸಿದ ಮೇಲೆ ಆ ಕಿರಿಕಿರಿಯೂ ತಪ್ಪಿತು. ಸಿಲಿಂಡರನ್ನು ಮೋರಿಯಿಂದ ದೂರ, ನೆರಳಿನಲ್ಲಿ, ಸಮತಟ್ಟು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದೇವೆ. ಹೋಸ್ ಒಂದೂವರೆ ಮೀಟರ್ ಮೀರಿಲ್ಲ, ಗೋಡೆಯೊಳಗೆ ತೂರಿಲ್ಲ, ನಡುವೆ ಜೋಡಣೆಯಿಲ್ಲ. ಅದು ತಂತಿ ಹೆಣೆದ ಕೇಸರಿ ಬಣ್ಣದ ಸುರಕ್ಷಾ ಹೋಸ್. ನೋಡಲು ಹೊಸದರಂತೆ ಕಂಡರೂ ಐದು ವರ್ಷಕ್ಕೆ ಬದಲಿಸಲೇಬೇಕಾದದ್ದು, ಅದಕ್ಕಾಗಿಯೇ ಮೇಲೆ ಮುದ್ರಿಸಿದ ವರ್ಷವನ್ನು ನಾನು ಗೋಡೆಯ ಮೇಲೂ ಬರೆದಿಟ್ಟಿದ್ದೇನೆ.

ಈ ಗೀಸರಿನ ಸುರಕ್ಷತಾ ಸಾಧನಗಳ ಬಗ್ಗೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ, ಅವುಗಳಲ್ಲಿ ಸುಳ್ಳೇನೂ ಇಲ್ಲ. ಉರಿ ಆರಿದರೆ ಗ್ಯಾಸ್ ನಿಲ್ಲುತ್ತದೆ, ನೀರು ಅತಿ ಬಿಸಿಯಾದರೆ ನಿಲ್ಲುತ್ತದೆ, 20 ನಿಮಿಷ ಸತತವಾಗಿ ಉರಿದರೆ ತಾನಾಗಿ ನಿಲ್ಲುತ್ತದೆ. ಆದರೆ ಕೋಣೆಯ ಗಾಳಿ ಕೆಟ್ಟಿದೆಯೇ ಎಂದು ನೋಡುವ ಸಾಧನ ಇದರಲ್ಲಿಲ್ಲ. 20 ನಿಮಿಷದ ಎಣಿಕೆಯಾದರೋ ನಳ ಬಂದ್ ಮಾಡಿ ತೆರೆದರೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ; ಒಬ್ಬರ ಹಿಂದೊಬ್ಬರು ಐದು ಜನ ಸ್ನಾನ ಮಾಡಿದರೂ ಅದರ ಪಾಲಿಗೆ ಪ್ರತಿಯೊಬ್ಬರೂ ಮೊದಲನೆಯವರೇ.

ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮನ್ನೂ ತರಿಸಿ ಬಚ್ಚಲಿನ ಹೊರಗಿನ ನಡುಮನೆಯಲ್ಲಿ ಎದೆಯ ಎತ್ತರಕ್ಕೆ ಹಾಕಿದ್ದೇನೆ. ಕೊಳ್ಳುವವರು ಯುರೋಪಿನ ಮಾನಕವಾದ ಇಎನ್ 50291 ಎಂಬ ಗುರುತನ್ನು ನೋಡಿಕೊಳ್ಳಬೇಕು. ಆ ಮಾನಕದ ಅಲಾರಮ್ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ವಿಷ 300 ಭಾಗ ಮುಟ್ಟಿದರೆ ಮೂರು ನಿಮಿಷದೊಳಗೆ ಕೂಗಿಕೊಳ್ಳಬೇಕು, 50 ಭಾಗವಿದ್ದರೆ ಒಂದರಿಂದ ಒಂದೂವರೆ ಗಂಟೆಯ ನಡುವೆ. ಗ್ಯಾಸ್ ಸೋರಿಕೆ ಪತ್ತೆ ಹಚ್ಚುವ ಅಲಾರಮ್ ಬೇರೆ, ಅದನ್ನು ನೆಲದ ಹತ್ತಿರ ಹಾಕಬೇಕು. ಅಂಗಡಿಯವರು ಒಂದು ಕೇಳಿದರೆ ಇನ್ನೊಂದು ಕೊಟ್ಟು ಎರಡೂ ಒಂದೇ ಎನ್ನುತ್ತಾರೆ. ನನಗೂ ಮೊದಲ ಸಲ ಹಾಗೆಯೇ ಆಗಿ ವಾಪಸ್ ಮಾಡಬೇಕಾಯಿತು.

ಯಂತ್ರಕ್ಕೆ ಕಳೆದ ಒಂದು ಅಂಕದ ಲೆಕ್ಕವನ್ನು ಹೇಳಬೇಕು. ನೀರಿನ ಒತ್ತಡ ತುಸು ಇಳಿದರೂ ಇದು ಹತ್ತುವುದಿಲ್ಲ. ಟ್ಯಾಂಕಿನಲ್ಲಿ ನೀರು ತಳ ಕಂಡ ದಿನ ತಲೆಗೆ ಶಾಂಪೂ ಹಚ್ಚಿಕೊಂಡು ನಿಂತವರ ಕೂಗು ಓಣಿಗೆಲ್ಲ ಕೇಳುತ್ತದೆ. ಬೇಸಿಗೆಯಲ್ಲಿ ಇದರ ಅತಿ ಸಣ್ಣ ಉರಿಯೂ ನಮಗೆ ಹೆಚ್ಚೇ ಆಗುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಸಿಲಿಂಡರ್ ಬಿಚ್ಚಿ ಮುಚ್ಚಳ ಹಾಕಿ ಇಡುತ್ತೇನೆ. ಹೊರಗೆ ಹಾಕಿದ್ದರಿಂದ ಮೊದಲ ಎರಡು ಚೊಂಬು ತಣ್ಣೀರು ಬರುತ್ತದೆ, ಅದನ್ನು ಬೇರೆ ಬಕೆಟಿಗೆ ಹಿಡಿದು ತುಳಸಿಗೆ ಹಾಕುತ್ತೇವೆ. ಬೋರಿನ ನೀರಿಗೆ ತಾಮ್ರದ ಕೊಳವೆಯೊಳಗೆ ಕಟ್ಟುವ ಸುಣ್ಣವನ್ನು ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಅದೇ ಮಿಸ್ತ್ರಿ ಬಂದು ತೆಗೆಯುತ್ತಾರೆ; ಎರಡನೆಯ ಚಳಿಗಾಲದ ಮುನ್ನ ತೆರೆದಾಗ ರೆಕ್ಕೆಗಳಲ್ಲಿ ಮಸಿ ಉಗುರಿಗೂ ಹತ್ತಲಿಲ್ಲ.

ಅಡುಗೆ ಅನಿಲದ ಏಜೆನ್ಸಿಯಿಂದ ತಪಾಸಣೆಗೆ ಬಂದವರ ಬಗ್ಗೆಯೂ ಒಂದು ತಕರಾರು ನನ್ನಲ್ಲಿದೆ. ಅವರು ಒಲೆ, ರೆಗ್ಯುಲೇಟರ್, ಹೋಸ್ ಮೂರನ್ನೂ ಶ್ರದ್ಧೆಯಿಂದಲೇ ನೋಡಿದರು, ಹಿತ್ತಲಿನ ಗೀಸರ್ ತೋರಿಸಿದಾಗ ಮಾತ್ರ ತಮ್ಮ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲವೆಂದು ಸಹಿ ಪಡೆದು ಹೊರಟರು. ಸೋರಿಕೆಯ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಕರೆ ಮಾಡಬೇಕೆಂಬ ಚೀಟಿಯನ್ನು ಅವರು ಕೊಟ್ಟರು. ಅದು ಒಲೆಯ ಹಿಂದಿನ ಟೈಲ್ಸಿಗೆ ಅಂಟಿಸಿದೆ.

ಕಳೆದ ತಿಂಗಳು ಪಕ್ಕದ ಮನೆಯವರು ಬಂದು ನಮ್ಮ ಹೊರಗೋಡೆಯ ಏರ್ಪಾಡಿನ ಅಳತೆ ತೆಗೆದುಕೊಂಡು ಹೋದರು. ಅವರ ಗೀಸರ್ ಇನ್ನೂ ಬಚ್ಚಲೊಳಗೇ ಇದೆ. ಗೋಡೆ ಕೊರೆದಾಗಿದೆ, ಪೈಪು ನಾಲ್ಕು ಅಡಿ ಕಡಿಮೆ ಬಿದ್ದು ಕೆಲಸ ನಿಂತಿದೆ. ಅಲ್ಲಿಯವರೆಗೆ ಬಾಗಿಲು, ಕಿಟಕಿ ಎರಡನ್ನೂ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ ರೆಗ್ಯುಲೇಟರ್ ಬಂದ್ ಮಾಡಿ, ಹತ್ತು ನಿಮಿಷ ಗಾಳಿಯಾಡಿದ ಮೇಲೆಯೇ ಸ್ನಾನಕ್ಕೆ ಹೋಗಬೇಕೆಂದು ಮಿಸ್ತ್ರಿ ಹೇಳಿದ್ದಾರೆ. ಬೆಳಿಗ್ಗೆ ಆರೂವರೆಗೆ ಅವರ ಬಚ್ಚಲಿನ ಕಿಟಕಿ ತೆರೆದಿದೆಯೇ ಎಂದು ನಮ್ಮ ಅವ್ವ ಹಿತ್ತಲಿಗೆ ಹೋದಾಗಲೆಲ್ಲ ಕತ್ತೆತ್ತಿ ನೋಡಿಯೇ ಬರುತ್ತಾಳೆ.